ಹೈನುಗಾರಿಕೆ: ಕೆಲವರು ನಿಲ್ಲುತ್ತಾರೆ, ಕೆಲವರು ಏಕೆ ಕೈಬಿಡುತ್ತಾರೆ?



ನಾಲ್ಕಾರು ಹಸು ಕಟ್ಟಿ ಹೈನುಗಾರಿಕೆಯನ್ನೇ ಕಸುಬು ಮಾಡಿಕೊಳ್ಳಬೇಕೆಂದು ಪ್ರತಿ ಊರಿನಲ್ಲೂ ಹಲವರು ಯೋಚಿಸುತ್ತಾರೆ. ಕೆಲವರು ಮಾಡಿ ತೋರಿಸುತ್ತಾರೆ. ಕೆಲವರು ದೊಡ್ಡ ಕೊಟ್ಟಿಗೆ, ದೊಡ್ಡ ಸಾಲ ಎಂದು ಕಾಯುತ್ತಲೇ ಉಳಿಯುತ್ತಾರೆ. ಇನ್ನು ಕೆಲವರು ಹಸು ತಂದು ವರ್ಷದೊಳಗೆ ಮಾರಿಬಿಡುತ್ತಾರೆ. ಇದಕ್ಕೆ ಹಣದ ಕೊರತೆಯೊಂದೇ ಕಾರಣವಲ್ಲ. ಲೆಕ್ಕದ ತಪ್ಪೂ ಕಾರಣ.

ಲೆಕ್ಕ ತಪ್ಪುವುದು ಎಲ್ಲಿ?

ಸಂತೆಯಲ್ಲಿ "12 ಲೀಟರ್ ಹಸು" ಎನ್ನುತ್ತಾರೆ. ಅದು ಕರು ಹಾಕಿದ ಒಂದೂವರೆ ಎರಡು ತಿಂಗಳಲ್ಲಿ ಸಿಗುವ ಗರಿಷ್ಠ ಹಾಲು. ಇಡೀ ಸೂಲಿನ ಹಾಲು ಅಂದಾಜು ಅದರ 200 ಪಟ್ಟು, ಅಂದರೆ 2,400 ಲೀಟರ್. ಒಂದು ಕರುವಿನಿಂದ ಮುಂದಿನ ಕರುವಿಗೆ 400 ದಿನ ಹಿಡಿದರೆ ದಿನದ ಸರಾಸರಿ 6 ಲೀಟರ್ ಮಾತ್ರ! 12 ಲೀಟರ್ ನಂಬಿ ಸಾಲದ ಕಂತು ಹೊಂದಿಸಿದವರು, ಹಸು ಬತ್ತಿದಾಗ ಕಂಗೆಟ್ಟು ಅದನ್ನು ಮಾರುತ್ತಾರೆ. ಆದರೆ ಅದು ಇನ್ನೆರಡು ತಿಂಗಳಲ್ಲಿ ಕರು ಹಾಕಬೇಕಾದ ತುಂಬು ಗಬ್ಬದ ಹಸು. ಕಷ್ಟ ಇವರದು, ಹಾಲು ಕೊಂಡವರದು.

ನಿಲ್ಲುವವರು ಮಾಡುವುದೇನು?

1. ಹಸುವಿಗಿಂತ ಮೊದಲು ಮೇವು. ಹೈಬ್ರಿಡ್ ನೇಪಿಯರ್ ಹುಲ್ಲು ನೆಟ್ಟ ಎರಡೂವರೆ ತಿಂಗಳಿಗೆ ಮೊದಲ ಕಟಾವಿಗೆ ಬರುತ್ತದೆ. ಹಸು ಆಮೇಲೆ ಬರಲಿ.

2. ಎರಡು ಹಸುಗಳನ್ನು ಒಟ್ಟಿಗೆ ಕೊಳ್ಳದೆ 5-6 ತಿಂಗಳ ಅಂತರದಲ್ಲಿ ಕೊಳ್ಳುವುದು. ಆಗ ಒಂದು ಬತ್ತಿದಾಗ ಇನ್ನೊಂದು ಕರೆಯುತ್ತಿರುತ್ತದೆ.

3. ಬೆದೆ ತಪ್ಪಿಸದಿರುವುದು. ಒಂದು ಬೆದೆ ತಪ್ಪಿದರೆ 21 ದಿನದ ಮೇವು ದಂಡ. ಕರು ಹಾಕಿದ 60 ದಿನಗಳ ನಂತರ ಬರುವ ಬೆದೆಯಲ್ಲಿ ಕೃತಕ ಗರ್ಭಧಾರಣೆ ಮಾಡಿಸಿ, 3 ತಿಂಗಳಿಗೆ ಗಬ್ಬ ಪರೀಕ್ಷೆ ಮಾಡಿಸಿ.

4. ಪ್ರತಿ ಬಟವಾಡೆಯಲ್ಲೂ ಬತ್ತುವ ಕಾಲಕ್ಕೆಂದು ಒಂದಿಷ್ಟು ತೆಗೆದಿಡುವುದು.

5. ಮನೆಯ ಹೆಣ್ಣುಮಕ್ಕಳನ್ನು ಕೇಳಿ ತೀರ್ಮಾನಿಸುವುದು. ಸಗಣಿ ಬಾಚಿ, ಹುಲ್ಲು ತಂದು, ಹಾಲು ಕರೆಯುವವರು ಬಹುತೇಕ ಅವರೇ. ಅವರ ಕೈಗೆ ಎಷ್ಟು ಹಸು ಸಾಧ್ಯವೋ ಅಷ್ಟೇ ನಿಮ್ಮ ಡೇರಿ.

ಚಿಕ್ಕದಾಗಿ ಆರಂಭಿಸಲು ಸಂಕೋಚ ಬೇಡ. ಇಂದು ಅಮುಲ್ ಎಂದು ಹೆಸರಾದ ಗುಜರಾತಿನ ಖೇಡಾ ಜಿಲ್ಲಾ ಒಕ್ಕೂಟ 1946ರಲ್ಲಿ ಶುರುವಾದದ್ದು ಎರಡು ಹಳ್ಳಿಯ ಸಂಘಗಳಿಂದ, ದಿನಕ್ಕೆ ಸುಮಾರು 250 ಲೀಟರ್ ಹಾಲಿನಿಂದ.

ಹಸು ಕೊಳ್ಳುವ ಮುನ್ನ ಒಂದು ಹಾಳೆಯಲ್ಲಿ 400 ದಿನಗಳ ಲೆಕ್ಕ ಬರೆಯಿರಿ. ಸರಾಸರಿ 6 ಲೀಟರಿನಲ್ಲೂ ಮೇವು, ಹಿಂಡಿ, ಕಂತು ಕಳೆದು ಉಳಿಯುವುದಾದರೆ ಧೈರ್ಯವಾಗಿ ಹಗ್ಗ ಹಿಡಿಯಿರಿ. ಉಳಿಯದಿದ್ದರೆ ಮೊದಲು ಹುಲ್ಲು ನೆಡಿ. ಅದೂ ಆರಂಭವೇ.