ಎಲ್ಲೆಯಾಚೆಯ ನೆರೆಹೊರೆ

ರೋಣ, ನರಗುಂದ, ಗಜೇಂದ್ರಗಡಗಳು ಇಂದು ಗದಗ ಜಿಲ್ಲೆಯ ಊರುಗಳು. 1947ರಲ್ಲಿ ಇವು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಗಜೇಂದ್ರಗಡದಿಂದ ಪೂರ್ವಕ್ಕೆ ಕೆಲವೇ ಹರದಾರಿ ನಡೆದರೆ ನಿಜಾಮನ ಹೈದರಾಬಾದು ಸಂಸ್ಥಾನದ ಎಲ್ಲೆ. ಎಲ್ಲೆಯ ಎರಡು ಕಡೆಗೂ ಕನ್ನಡವೇ ಮನೆಮಾತು. ಬೇಸಾಯದ ರೀತಿಯೂ ಒಂದೇ. ಆದರೆ ಆಚೆಯ ಕುಷ್ಟಗಿ, ಯಲಬುರ್ಗಾಗಳಲ್ಲಿ ನಡೆಯುತ್ತಿದ್ದ ನಾಣ್ಯ ಹಾಲಿ ಸಿಕ್ಕಾ. ಆಡಳಿತದ ಭಾಷೆ ಉರ್ದು. ಸರಕು ಎಲ್ಲೆ ದಾಟಬೇಕಾದರೆ ಕರೋಡಗಿರಿ ನಾಕೆಯಲ್ಲಿ ಸುಂಕ ತೆರಬೇಕಾಗಿತ್ತು.

1947ರ ಆಗಸ್ಟ್ 15ರಂದು ಈಚೆಯ ಊರುಗಳು ಸ್ವತಂತ್ರವಾದವು. ಆಚೆಯ ಊರುಗಳು ಆಗಲಿಲ್ಲ. ನಿಜಾಮನು ಭಾರತವನ್ನು ಸೇರಲು ಒಪ್ಪಲಿಲ್ಲ. ಸ್ವಾಮಿ ರಮಾನಂದ ತೀರ್ಥರ ನಾಯಕತ್ವದಲ್ಲಿ ಸ್ಟೇಟ್ ಕಾಂಗ್ರೆಸ್ಸು ಹೋರಾಟವನ್ನು ಹೂಡಿತು. ಕಾಸಿಂ ರಜ್ವಿಯ ರಜಾಕಾರರು ಹಳ್ಳಿಗಳ ಮೇಲೆ ಬಿದ್ದು ಸುಲಿಗೆ, ಹಿಂಸೆಗಳಲ್ಲಿ ತೊಡಗಿದರು. ಎಷ್ಟೋ ಕುಟುಂಬಗಳು ಮನೆಮಾರುಗಳನ್ನು ತೊರೆದು ಎಲ್ಲೆಯನ್ನು ದಾಟಿದವು.

ಆಗ ಎಲ್ಲೆಯ ಈಚೆಗೆ ಹೋರಾಟಗಾರರ ಶಿಬಿರಗಳು ತಲೆಯೆತ್ತಿದವು. ಗಜೇಂದ್ರಗಡದ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆಯವರೂ ಮುಂಡರಗಿಯ ಶಿಬಿರಕ್ಕೆ ಅಳವಂಡಿಯ ಶಿವಮೂರ್ತಿಸ್ವಾಮಿಯವರೂ ಮುಂದಾಳುಗಳಾದರು. ಸಂಸ್ಥಾನದ ತರುಣರು ಇಲ್ಲಿ ತರಬೇತಿ ಪಡೆದು, ತಮ್ಮ ಹಳ್ಳಿಗಳ ರಕ್ಷಣೆಗೆ ಮರಳಿ ಎಲ್ಲೆ ದಾಟುತ್ತಿದ್ದರು. ಶಿಬಿರವೆಂದರೆ ಧೈರ್ಯವೊಂದೇ ಅಲ್ಲ. ತಂಗಲು ನೆಲ, ಉಣ್ಣಲು ಅನ್ನ, ಗುಟ್ಟು ಕಾಯುವ ನೆರೆಯವರು ಬೇಕು. ತಾವು ಆಗಲೇ ಸ್ವತಂತ್ರರಾದವರು ನೆರೆಯವರ ಬಿಡುಗಡೆಯೂ ತಮ್ಮ ಹೊಣೆಯೆಂದು ಬಗೆಯದಿದ್ದರೆ ಆ ಶಿಬಿರಗಳು ನಿಲ್ಲುತ್ತಿರಲಿಲ್ಲ.

ಈ ಹೋರಾಟವು ಯಾವುದೇ ಮತದ ವಿರುದ್ಧವಾದುದಾಗಿರಲಿಲ್ಲ. ರಜಾಕಾರರ ಅನ್ಯಾಯವನ್ನು ಖಂಡಿಸಿದ ಉರ್ದು ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನರು 1948ರ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ ಕೊಲೆಗೀಡಾದರು. ನ್ಯಾಯದ ಪಕ್ಷಕ್ಕೆ ಮತಭೇದವಿಲ್ಲವೆಂಬುದಕ್ಕೆ ಅವರ ಬಲಿದಾನವೇ ಸಾಕ್ಷಿ.

1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮನು ಶರಣಾದನು. 1956ರ ನವೆಂಬರ್ 1ರಂದು ಎರಡು ಕಡೆಯ ಕನ್ನಡಿಗರೂ ಒಂದೇ ರಾಜ್ಯದ ಪ್ರಜೆಗಳಾದರು. ರಾಜ್ಯದ ಎಲ್ಲೆಯಾಗಿದ್ದುದು ಈಗ ಜಿಲ್ಲೆಗಳ ಎಲ್ಲೆಯಾಗಿ ಉಳಿದಿದೆ.

ಆದರೆ ಎಲ್ಲೆ ಅಳಿದ ಮಾತ್ರಕ್ಕೆ ಅಂತರ ಅಳಿಯಲಿಲ್ಲ. ಶಿಕ್ಷಣ, ಉದ್ಯೋಗಗಳಲ್ಲಿ ಆಚೆಯ ಜಿಲ್ಲೆಗಳು ಹಿಂದೆಯೇ ಉಳಿದವು. ಇದನ್ನು ಸರಿಪಡಿಸಲೆಂದು 2012ರಲ್ಲಿ ಸಂಸತ್ತು ಸಂವಿಧಾನಕ್ಕೆ 371(ಜೆ) ವಿಧಿಯನ್ನು ಸೇರಿಸಲು ಒಪ್ಪಿತು. ಕೊಪ್ಪಳ ಜಿಲ್ಲೆಗೆ ದೊರೆತ ಈ ಸೌಲಭ್ಯ ಪಕ್ಕದ ಗಜೇಂದ್ರಗಡಕ್ಕೆ ಇಲ್ಲ. ಹಿಂದುಳಿದ ನೆರೆಯವನಿಗೆ ಸಲ್ಲುವ ಪಾಲನ್ನು ಅಸೂಯೆಯಿಲ್ಲದೆ ಕಾಣುವುದೂ ನೆರೆಹೊರೆಯ ಧರ್ಮ. 1947ರಲ್ಲಿ ಗಜೇಂದ್ರಗಡ ಶಿಬಿರಕ್ಕೆ ಎಡೆಗೊಟ್ಟುದು ಇದೇ ಧರ್ಮದಿಂದ.