ಐ.ಪಿ. ಹಾಕುವುದೆಂದರೇನು?

ಶೇಂಗಾ ಬೆಳೆ ಕೈಕೊಟ್ಟ ವರ್ಷ 'ಇಂಥವರು ಐ.ಪಿ. ಹಾಕಿದರಂತೆ' ಎಂಬ ಪಿಸುಮಾತು ನಮ್ಮ ಕಡೆ ಕೇಳಿಬರುತ್ತದೆ. ಮಡಕಶಿರಾ 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿ, ರಾಯದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿದರೂ ಮಾತು ಎರಡೂ ಕಡೆ ಒಂದೇ. ಐ.ಪಿ. ಎಂದರೆ ಇನ್‌ಸಾಲ್ವೆನ್ಸಿ ಪಿಟಿಷನ್, ಅಂದರೆ 'ಸಾಲ ತೀರಿಸಲಾರೆ' ಎಂದು ನ್ಯಾಯಾಲಯಕ್ಕೆ ಕೊಡುವ ದಿವಾಳಿ ಅರ್ಜಿ. ಇದಕ್ಕೆ ಆಧಾರ 1920ರ ಪ್ರಾಂತೀಯ ದಿವಾಳಿ ಕಾಯಿದೆ. ಅದರಂತೆ 500 ರೂಪಾಯಿ ಸಾಲವಿದ್ದರೂ ಅರ್ಜಿ ಹಾಕಬಹುದು. ಅದು ಆ ಕಾಲದ ಐನೂರು!

ಮನೆಯಲ್ಲಿರುವುದನ್ನೆಲ್ಲ ಒಯ್ಯುತ್ತಾರೆಯೆ? ಇಲ್ಲ. ಆಸ್ತಿಯು ನ್ಯಾಯಾಲಯದ ಇಲ್ಲವೆ ರಿಸೀವರರ ವಶವಾಗಿ, ಮಾರಿ ಬಂದ ಹಣ ಸಾಲ ಕೊಟ್ಟವರಿಗೆ ಹಂಚಿಕೆಯಾಗುತ್ತದೆ, ನಿಜ. ಆದರೆ ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ, ತಾಯಿಯ ತಾಳಿ, ಕಸುಬುದಾರನ ಉಪಕರಣ, ಬೇಸಾಯಕ್ಕೆ ಬೇಕಾದ ಎತ್ತು, ಬಿತ್ತನೆ ಬೀಜ ಇವನ್ನು ಮುಟ್ಟುವಂತಿಲ್ಲ.

ಮುಂಚಿತವಾಗಿ ಹೊಲವನ್ನು ಹೆಂಡತಿಯ ಹೆಸರಿಗೆ ಬರೆದಿಟ್ಟರೆ? ಎರಡು ವರ್ಷದೊಳಗೆ ಅರ್ಜಿ ಬಿದ್ದರೆ ಆ ಪತ್ರವನ್ನು ನ್ಯಾಯಾಲಯ ರದ್ದುಮಾಡಬಹುದು. ಜಾಣತನವೆಂದು ಹೀಗೆ ಮಾಡುವವರನ್ನು ನಾವು ಮೆಚ್ಚುವುದಿಲ್ಲ.

ಬಿಡುಗಡೆಯ ಆಜ್ಞೆಯಾದ ಮೇಲೂ ಸರ್ಕಾರದ ಬಾಕಿ, ಮೋಸದಿಂದ ಮಾಡಿದ ಸಾಲ, ಜೀವನಾಂಶ ಉಳಿಯುತ್ತವೆ. ಜಾಮೀನು ಹಾಕಿದ ನೆರೆಯವನ ಹೊಣೆಯೂ ತಪ್ಪದು. ಇದನ್ನು ಬಹಳ ಜನ ಅರಿತಿಲ್ಲ.

"ಅಪ್ಪನ ಸಾಲ ನನ್ನ ತಲೆಗೆ ಬರುತ್ತದೆಯೇ ಸಾರ್?" ಎಂದು ಹತ್ತನೆಯ ತರಗತಿಯ ಹುಡುಗನೊಬ್ಬ ಕೇಳಿದ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ನಂತರ ಮಾಡಿದ ಸಾಲಕ್ಕೆ, ಮಗನೆಂಬ ಕಾರಣದಿಂದಷ್ಟೇ ಹೊಣೆಯಿಲ್ಲವೆಂದೆವು. ಹುಡುಗನ ಮುಖ ಅರಳಿತು. ಅಪ್ಪ ಯಾರಿಗಾದರೂ ಜಾಮೀನು ಹಾಕಿದ್ದಾರೆಯೇ, ಕೇಳಿಕೊಂಡು ಬಾ ಎಂದು ಕಳುಹಿಸಿದೆವು.