ಕೆಟ್ಟು ನಿಂತ ವಿಹಾರನೌಕೆ: ಸುದ್ದಿಯೂ ಪ್ರಯಾಣಿಕರ ಮನೋಧರ್ಮವೂ

ಸಮುದ್ರಯಾನವೆಂದರೆ ಒಂದು ಕಾಲದಲ್ಲಿ ಬೇರೊಂದು ಊರನ್ನು ಮುಟ್ಟುವ ಉಪಾಯವಾಗಿತ್ತು. ವಿಹಾರನೌಕೆಯ ವಿಷಯ ಹಾಗಲ್ಲ. ಅಲ್ಲಿ ಹಡಗೇ ಊರು. ಭೋಜನಶಾಲೆ, ಈಜುಕೊಳ, ನಾಟಕಶಾಲೆ, ಜೂಜಿನ ಮೇಜು ಎಲ್ಲವೂ ತೇಲುತ್ತ ಹೋಗಿ ನಾಲ್ಕಾರು ದಿನಗಳಲ್ಲಿ ಹೊರಟ ಬಂದರಿಗೇ ಮರಳುತ್ತವೆ. ಟಿಕೆಟು ಕೊಂಡವನಿಗೆ ತಾನು ನೀರಿನ ಮೇಲಿದ್ದೇನೆಂಬುದೇ ಮರೆತುಹೋಗಬೇಕು. ಕಂಪನಿಯು ಮಾರುವುದು ಆ ಮರೆವನ್ನೇ. ಇಂಥ ಹಡಗು ನಡುಗಡಲಿನಲ್ಲಿ ಕೆಟ್ಟು ನಿಂತಾಗ ಒಳಗಿರುವವರ ಮನಸ್ಸು ಹೇಗೆ ವರ್ತಿಸುತ್ತದೆ, ದಡದಲ್ಲಿರುವ ಸುದ್ದಿಗಾರನು ಅದರಲ್ಲಿ ಯಾವುದನ್ನು ಆರಿಸಿಕೊಳ್ಳುತ್ತಾನೆ ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಇದಕ್ಕೆ ‘ಕಾರ್ನಿವಲ್ ಟ್ರಯಂಫ್’ ಎಂಬ ಹಡಗಿನ ಕಥೆಗಿಂತ ಒಳ್ಳೆಯ ನಿದರ್ಶನ ಸಿಕ್ಕಲಾರದು. ಅದು 2013ನೆಯ ಫೆಬ್ರವರಿ 7ರಂದು ಅಮೆರಿಕದ ಟೆಕ್ಸಾಸ್ ಪ್ರಾಂತದ ಗ್ಯಾಲ್ವೆಸ್ಟನ್ ಬಂದರಿನಿಂದ ನಾಲ್ಕು ದಿನಗಳ ವಿಹಾರಕ್ಕೆ ಹೊರಟಿತು. ಪ್ರಯಾಣಿಕರು 3,143 ಮಂದಿ, ಸಿಬ್ಬಂದಿ 1,086. ಫೆಬ್ರವರಿ 10ರ ಭಾನುವಾರ ಬೆಳಗಿನ ಜಾವ ಯಂತ್ರಗೃಹದಲ್ಲಿ ಬೆಂಕಿ ಹತ್ತಿತು. ಬೆಂಕಿಯೇನೋ ಆರಿತು, ಯಾರೂ ಸಾಯಲಿಲ್ಲ. ಆದರೆ ಹಡಗಿಗೆ ಚಲಿಸುವ ಶಕ್ತಿ ಹೋಯಿತು, ವಿದ್ಯುತ್ತಿನ ಬಹುಭಾಗವೂ ಹೋಯಿತು. ಮೆಕ್ಸಿಕೋದ ಪ್ರೊಗ್ರೆಸೊ ಬಂದರಿಗೆ ಎಳೆಯಬೇಕೆಂದು ಮೊದಲು ಯೋಚಿಸಿದರು. ಅಷ್ಟರಲ್ಲಿ ಪ್ರವಾಹವು ಹಡಗನ್ನು ಉತ್ತರಕ್ಕೆ ಒಯ್ದಿದ್ದುದರಿಂದ ಅಲಬಾಮಾ ಪ್ರಾಂತದ ಮೊಬೀಲ್ ಬಂದರು ಗೊತ್ತಾಯಿತು. ಎಳೆಯುವ ದೋಣಿಗಳ ಹಿಂದೆ ತೆವಳುತ್ತ, ನಡುವೆ ಒಮ್ಮೆ ಹಗ್ಗ ಹರಿದು, 14ರ ರಾತ್ರಿ ಅದು ದಡ ಸೇರಿತು.

ಆ ದಿನಗಳಲ್ಲಿ ಪಾಯಖಾನೆಗಳು ಕೆಲಸಮಾಡಲಿಲ್ಲ. ಜನರು ಪ್ಲಾಸ್ಟಿಕ್ ಚೀಲಗಳನ್ನು ಬಳಸಬೇಕಾಯಿತು. ಕೋಣೆಗಳಲ್ಲಿ ಗಾಳಿಯಿಲ್ಲದೆ, ಹಾಸಿಗೆಗಳನ್ನು ಮೇಲಿನ ಡೆಕ್ಕಿಗೆ ಎಳೆದು ತಂದು, ದುಪ್ಪಟಿಗಳನ್ನೇ ಡೇರೆಯಂತೆ ಕಟ್ಟಿಕೊಂಡು ಮಲಗಿದರು. ಊಟಕ್ಕೆ ಗಂಟೆಗಟ್ಟಲೆ ಸಾಲು. ಇದು ದುಸ್ಸಹವಾದ ಕಷ್ಟವೆಂಬುದರಲ್ಲಿ ಸಂದೇಹವಿಲ್ಲ. ಮುದುಕರಿಗೂ ಮಕ್ಕಳೊಂದಿಗರಿಗೂ ಅದು ಇನ್ನಷ್ಟು ಕಠಿಣವಾಗಿದ್ದಿರಬೇಕು.

ಆದರೆ ಕಷ್ಟ ಬೇರೆ, ಅಪಾಯ ಬೇರೆ. ಈ ಭೇದವೇ ಸುದ್ದಿಯಲ್ಲಿ ಅಳಿಸಿಹೋಯಿತು. ಸಿಎನ್‌ಎನ್ ಎಂಬ ಟೆಲಿವಿಷನ್ ಸಂಸ್ಥೆಯು ಹೆಲಿಕಾಪ್ಟರಿನಿಂದ ಹಡಗಿನ ಚಿತ್ರ ತೆಗೆಸಿ, ಅದು ಬಂದರಿಗೆ ಬರುವ ದಿನ ಬಹುಹೊತ್ತು ಅದನ್ನೇ ತೋರಿಸಿತು. ಹಡಗಿಗೆ ಮಲಕ್ಕೆ ಸಂಬಂಧಿಸಿದ ಒಂದು ಅಡ್ಡಹೆಸರೂ ಹುಟ್ಟಿತು. ಕಾಲೇಜಿನ ಪತ್ರಿಕೆಯಲ್ಲಿ ಅದನ್ನು ಅಚ್ಚುಮಾಡಲು ಸಂಕೋಚವಾಗುತ್ತದೆ. 2025ರಲ್ಲಿ ನೆಟ್‌ಫ್ಲಿಕ್ಸ್ ಹೊರತಂದ ಸಾಕ್ಷ್ಯಚಿತ್ರಕ್ಕೆ ಆ ಸಂಕೋಚವಿರಲಿಲ್ಲ, ಅಡ್ಡಹೆಸರೇ ಶೀರ್ಷಿಕೆಯಾಯಿತು. ಅದೇ ವಾರದಲ್ಲಿ, 11ರಂದು ಪೋಪ್ ಹದಿನಾರನೆಯ ಬೆನೆಡಿಕ್ಟರು ಪದತ್ಯಾಗವನ್ನು ಸಾರಿದ್ದರು. 12ರಂದು ಉತ್ತರ ಕೊರಿಯಾ ಮೂರನೆಯ ಸಲ ಅಣ್ವಸ್ತ್ರ ಪರೀಕ್ಷೆ ನಡೆಸಿತ್ತು. ಇವುಗಳ ಪಕ್ಕದಲ್ಲಿ ಒಂದು ಹಡಗಿನ ಪಾಯಖಾನೆ ಹೇಗೆ ತೂಗಿತು? ಕಾರಣ ಕಷ್ಟವಾದುದಲ್ಲ. ಪದತ್ಯಾಗ ಒಂದು ಕ್ಷಣದ ಘಟನೆ. ಪರೀಕ್ಷೆ ನೆಲದಡಿಯದು, ಕಣ್ಣಿಗೆ ಕಾಣದು. ಹಡಗಾದರೋ ನಿಧಾನವಾಗಿ ಬರುತ್ತಿತ್ತು. ಅದಕ್ಕೆ ಚಿತ್ರವಿತ್ತು, ಕಾಯುವಿಕೆಯಿತ್ತು, ಅಂತ್ಯವಿತ್ತು. ಗಾಳಿ ಬಂದಾಗ ತೂರಿಕೊಳ್ಳುವುದು ಸುದ್ದಿಯ ವ್ಯಾಪಾರಕ್ಕೂ ಗೊತ್ತು.

ಪ್ರಯಾಣಿಕರ ಮಾತನ್ನಾದರೂ ಪೂರ್ಣವಾಗಿ ಕೇಳಿದರೇ? ಪಕ್ಕಕ್ಕೆ ಬೇರೆ ಹಡಗುಗಳು ಬಂದಾಗ ಫೋನುಗಳಿಗೆ ಸಂಪರ್ಕ ದೊರೆತು ಮನೆಗೆ ಮಾತೂ ಚಿತ್ರಗಳೂ ಹೋದವು. ದೊರೆತ ಅಲ್ಪಾವಧಿಯಲ್ಲಿ ಯಾರಾದರೂ ಹೇಳುವುದು ತಮಗಾದ ಅತಿ ಕೆಟ್ಟದ್ದನ್ನೇ. ಅದು ಸುಳ್ಳಲ್ಲ, ಸ್ವಭಾವ. ದಡಕ್ಕೆ ಇಳಿದ ಮೇಲೆ ಸ್ವರಗಳು ಬಗೆಬಗೆಯಾದವು. ಕೆಲವರು ನೆಲಕ್ಕೆ ಮುತ್ತಿಟ್ಟರು, ಕೆಲವರು ಹಾಡಿದರು. ಅನ್ನವನ್ನು ಕೂಡಿಟ್ಟುಕೊಂಡ ಸಹಯಾತ್ರಿಕರನ್ನು ಕೆಲವರು ದೂರಿದರು, ಅಪರಿಚಿತರು ನೆಂಟರಂತಾದರೆಂದು ಮತ್ತೆ ಕೆಲವರು ಹೇಳಿದರು. ಕೋರ್ಟಿಗೆ ಹೋದವರೂ ಉಂಟು. ಕಂಪನಿಯು ಟಿಕೆಟಿನ ಪೂರ್ಣ ಹಣ, ಇನ್ನೊಂದು ವಿಹಾರದ ಜಮೆ, ಮೇಲೆ ತಲಾ 500 ಡಾಲರು ಕೊಡುವೆನೆಂದಿತ್ತು. ಸಿಟ್ಟಾದವರೂ ಆಗದವರೂ ಬಹುಮಟ್ಟಿಗೆ ಒಮ್ಮತದಿಂದ ನುಡಿದ ಮಾತು ಒಂದಿತ್ತು: ಸಿಬ್ಬಂದಿಯವರು ಚೆನ್ನಾಗಿ ನಡೆದುಕೊಂಡರು. ಆ ಚೀಲಗಳನ್ನು ಹೊತ್ತವರು, ಓಣಿಗಳನ್ನು ತೊಳೆದವರು ಅವರು. ಅವರೂ ಅದೇ ಹಡಗಿನಲ್ಲಿ ಮಲಗಿದವರೇ.

ತಾಳ್ಮೆಯೇ ಪ್ರಯಾಣಿಕನ ಭೂಷಣವೆಂದು ಇದರಿಂದ ತೀರ್ಮಾನಿಸುವವರು ಹಿಂದಿನ ವರ್ಷದ ‘ಕೋಸ್ಟ ಕಾಂಕಾರ್ಡಿಯ’ವನ್ನು ನೆನೆಯಬೇಕು. 2012ನೆಯ ಜನವರಿ 13ರ ರಾತ್ರಿ ಇಟಲಿಯ ಜಿಲ್ಯೊ ದ್ವೀಪದ ಬಳಿ ಆ ಹಡಗು ಬಂಡೆಗೆ ಬಡಿಯಿತು. ವಿದ್ಯುತ್ತಿನ ದೋಷವಷ್ಟೇ ಎಂದು ಪ್ರಯಾಣಿಕರಿಗೆ ಹೇಳಿದರು. ಹಡಗು ಬಿಡಿರೆಂಬ ಆಜ್ಞೆ ಹೊರಟದ್ದು ಒಂದು ಗಂಟೆಗೂ ಹೆಚ್ಚು ಕಾಲ ಕಳೆದ ಮೇಲೆ. 32 ಜನರು ಸತ್ತರು. ಅಲ್ಲಿ ಗಲಾಟೆಮಾಡಿ ಕೇಳಿದವನು ಒರಟನೆನಿಸಿದರೂ ವಿವೇಕಿಯಾಗಿದ್ದ. ಎಂದಮೇಲೆ ಪ್ರಯಾಣಿಕನ ಮನೋಧರ್ಮವನ್ನು ಸ್ವತಂತ್ರವಾಗಿ ಅಳೆಯಲಾಗದು. ಅವನಿಗೆ ಎಷ್ಟು ನಿಜ ಹೇಳಿದ್ದಾರೆಂಬುದನ್ನು ಜೊತೆಗಿಟ್ಟೇ ಅಳೆಯಬೇಕು. ಸುದ್ದಿಯೂ ಯಾವಾಗಲೂ ಉತ್ಪ್ರೇಕ್ಷೆಯ ಕಡೆಗೇ ತಪ್ಪುವುದಿಲ್ಲ. 1912ರಲ್ಲಿ ‘ಟೈಟಾನಿಕ್’ ಮುಳುಗಿದಾಗ ಕೆಲವು ಪತ್ರಿಕೆಗಳು ಎಲ್ಲರೂ ಉಳಿದರೆಂದು ಮೊದಲು ಅಚ್ಚುಹಾಕಿದ್ದವು.

ಟ್ರಯಂಫಿನಲ್ಲಿ ಬೆಂಕಿ ಏಕೆ ಹತ್ತಿತು? ಇಡೀ ಪ್ರಕರಣದಲ್ಲಿ ಮುಖ್ಯವಾದ ಪ್ರಶ್ನೆ ಇದು. ಆರನೆಯ ಡೀಸೆಲ್ ಜನರೇಟರಿನಿಂದ ಇಂಧನ ಮರಳುವ ಬಳುಕುವ ಕೊಳವೆ ಸೋರಿ, ಎಣ್ಣೆ ಕಾದ ಭಾಗಕ್ಕೆ ಸಿಡಿದು ಹೊತ್ತಿತೆಂದು ತನಿಖೆಯವರು ಕಂಡುಕೊಂಡರು. ಇಂಥ ಕೊಳವೆಗಳಿಗೆ ಸಿಡಿತ ತಡೆಯುವ ಕವಚ ಬೇಕೆಂಬ ಸೂಚನೆ ಕಂಪನಿಯಲ್ಲಿ ಮೊದಲೇ ಇತ್ತೆಂಬುದನ್ನು 2013ರ ಡಿಸೆಂಬರಿನಲ್ಲಿ ಕೋರ್ಟಿನ ದಾಖಲೆಗಳಿಂದ ಬಯಲಿಗೆ ತಂದದ್ದು ಅದೇ ಸಿಎನ್‌ಎನ್. ನ್ಯಾಯವಾಗಿ ಇದನ್ನು ಒಪ್ಪಿ ಹೊಗಳಬೇಕು. ಆದರೆ ಜನರು ನೆನಪಿಟ್ಟಿರುವುದು ಕೊಳವೆಯನ್ನಲ್ಲ, ಚೀಲವನ್ನು.

ಇನ್ನೊಂದು ಸಂಗತಿ. ದುರಸ್ತಿಗೆಂದು ಮೊಬೀಲಿನಲ್ಲಿಯೇ ಕಟ್ಟಿದ್ದ ಆ ಹಡಗು ಏಪ್ರಿಲ್ 3ರ ಬಿರುಗಾಳಿಗೆ ಹಗ್ಗ ಹರಿದುಕೊಂಡು ತೇಲಿಹೋಯಿತು. ದಡದ ಕಾವಲು ಗೂಡು ನೀರಿಗೆ ಬಿತ್ತು; ಅದರಲ್ಲಿದ್ದ ಇಬ್ಬರು ಕೆಲಸಗಾರರಲ್ಲಿ ಒಬ್ಬನನ್ನು ಎತ್ತಿದರು, ಇನ್ನೊಬ್ಬನು ಸತ್ತನು. ಸುದ್ದಿ ಪ್ರಕಟವಾಯಿತು, ಫೆಬ್ರವರಿಯ ಭರಾಟೆ ಮಾತ್ರ ಅದಕ್ಕೆ ದೊರೆಯಲಿಲ್ಲ. 2019ರಿಂದ ಹಡಗು ‘ಕಾರ್ನಿವಲ್ ಸನ್‌ರೈಸ್’ ಎಂಬ ಹೊಸ ಹೆಸರಿನಲ್ಲಿ ಓಡತೊಡಗಿತು.

ಸುದ್ದಿಯ ಒತ್ತಡದಿಂದ ಲಾಭವೇ ಆಗಲಿಲ್ಲವೆನ್ನುವಂತಿಲ್ಲ. ತನ್ನ ಹಡಗುಗಳಿಗೆ ತುರ್ತು ವಿದ್ಯುತ್ತು ಮೊದಲಾದ ಸುಧಾರಣೆಗಳಿಗಾಗಿ ಕಂಪನಿಯು 30 ಕೋಟಿ ಡಾಲರು ವೆಚ್ಚಮಾಡುವೆನೆಂದಿತು. ವಿಹಾರನೌಕಾ ಕಂಪನಿಗಳ ಸಂಘವು ಅದೇ ಮೇ ತಿಂಗಳಲ್ಲಿ ಪ್ರಯಾಣಿಕರ ಹಕ್ಕುಗಳ ಪಟ್ಟಿಯೊಂದನ್ನು ಪ್ರಕಟಿಸಿತು. ಅಂಶಗಳು ಹತ್ತು. ಯಂತ್ರ ಕೆಟ್ಟು ವಿಹಾರ ನಿಂತರೆ ಪೂರ್ಣ ಹಣ, ಹೊತ್ತುಹೊತ್ತಿಗೆ ಸರಿಯಾದ ಮಾಹಿತಿ, ಇತ್ಯಾದಿ. ಸಿಬ್ಬಂದಿಯ ಮಾತೂ ಅದರಲ್ಲಿ ಬರುತ್ತದೆ: ತರಬೇತಾದ ಸಿಬ್ಬಂದಿ ಇರುವುದು ಪ್ರಯಾಣಿಕನ ಹಕ್ಕುಗಳಲ್ಲೊಂದು ಎಂದು.